ಆಧಾರವಿದ್ದ ಕ್ರಿಯೆ ಯಾರದು?

ಜಿಮ್ನಾಸ್ಟಿಕ್ಸ್ ತರಬೇತಿಯಲ್ಲಿ ಹೊಸ ಲಾಗವೊಂದನ್ನು, ಅಂದರೆ ಇಡೀ ದೇಹ ಗಾಳಿಯಲ್ಲಿ ತಲೆಕೆಳಗಾಗಿ ಉರುಳಿ ಮತ್ತೆ ಕಾಲ ಮೇಲೆ ಇಳಿಯುವ ಪಟ್ಟನ್ನು, ಕಲಿಸುವಾಗ ಕಲಿಯುವವರ ಸೊಂಟಕ್ಕೆ ಅಗಲವಾದ ಬೆಲ್ಟ್ ಬಿಗಿದು, ಅದರ ಎರಡು ಪಕ್ಕಗಳಿಂದ ಹೊರಟ ಹಗ್ಗಗಳನ್ನು ಚಾವಣಿಯ ತೊಲೆಗೋ ಉಕ್ಕಿನ ಚೌಕಟ್ಟಿಗೋ ತೂಗುಹಾಕುವ ಪದ್ಧತಿ ಬಹುಕಾಲದಿಂದ ಬಳಕೆಯಲ್ಲಿದೆ. ಈ ಹಗ್ಗಗಳ ನಡುವೆ ಸ್ಪ್ರಿಂಗನ್ನು ಅಥವಾ ಹಿಗ್ಗುವ ರಬ್ಬರಿನ ಎಳೆಗಳನ್ನು ಸೇರಿಸಿದಾಗ ಅದು ಸ್ಪ್ರಿಂಗ್ ಆಧಾರದ ತೂಗುಸಾಧನವಾಗುತ್ತದೆ; ಕಲಿಯುವವರ ತೂಕದ ಒಂದು ಪಾಲನ್ನು ಅದು ಹೊರುತ್ತದೆ, ನೆಗೆತದ ಎತ್ತರವನ್ನೂ ಗಾಳಿಯಲ್ಲಿ ಸಿಗುವ ಹೊತ್ತನ್ನೂ ಕೊಂಚ ಹೆಚ್ಚಿಸುತ್ತದೆ, ಪಟ್ಟು ತಪ್ಪಿದರೆ ತಲೆಯೋ ಕತ್ತೋ ನೆಲಕ್ಕೆ ಅಪ್ಪಳಿಸದಂತೆ ತಡೆಯುತ್ತದೆ. ನೋಡಲು ಇದು ವ್ಯಾಯಾಮಶಾಲೆಯ ಒಂದು ಸರಳ ಉಪಕರಣ. ಆದರೆ ಈ ಬೆಲ್ಟಿನಲ್ಲಿ ನಡೆದ ಲಾಗ ಯಾರ ಕ್ರಿಯೆ ಎಂದು ಕೇಳಿದೊಡನೆ, ಭಾರತೀಯ ದರ್ಶನಗಳು ಶತಮಾನಗಳಿಂದ ಚರ್ಚಿಸುತ್ತ ಬಂದಿರುವ ಕರ್ತೃತ್ವದ ಪ್ರಶ್ನೆ ಎದುರು ಬಂದು ನಿಲ್ಲುತ್ತದೆ. ಇನ್ನೊಂದರ ಆಧಾರದಿಂದಲೇ ಸಾಧ್ಯವಾದ ಕೆಲಸವನ್ನು ಮಾಡಿದ ವ್ಯಕ್ತಿ ನಿಜವಾಗಿ ಅದರ ಕರ್ತೃವೇ? ದೈವದ ಕೃಪೆಯೂ ಮನುಷ್ಯನ ಯತ್ನವೂ ಒಂದೇ ಕ್ರಿಯೆಯಲ್ಲಿ, ಒಂದನ್ನೊಂದು ಕಬಳಿಸದೆ, ಕೂಡಿರುವುದು ಸಾಧ್ಯವೇ?

ಈ ಪ್ರಶ್ನೆಗೆ ಹೋಗುವ ಮೊದಲು ಉಪಕರಣದ ಕೆಲಸವನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ತಾತ್ತ್ವಿಕ ವಿವೇಚನೆಗೆ ಬೇಕಾದ ಭೇದಗಳು ಅದರ ರಚನೆಯಲ್ಲಿಯೇ ಅಡಗಿವೆ. ಹತ್ತೊಂಬತ್ತನೆಯ ಶತಮಾನದ ಸರ್ಕಸ್ಸಿನಲ್ಲಿ, ಓಡುವ ಕುದುರೆಯ ಬೆನ್ನ ಮೇಲೆ ನಿಲ್ಲಲು ಕಲಿಯುವವರನ್ನು ಅಂಕಣದ ನಡುಗಂಬದಿಂದ ಚಾಚಿದ ತೋಳಿಗೆ ಹಗ್ಗ ಕಟ್ಟಿ ತೂಗುಹಾಕುತ್ತಿದ್ದರು. ಅಂಥದೇ ವಿಧಾನ ಜಿಮ್ನಾಸ್ಟಿಕ್ಸಿನಲ್ಲಿಯೂ ನೆಲೆಗೊಂಡಿತು. ಸಾಮಾನ್ಯ ರೂಪದಲ್ಲಿ ಎರಡು ಹಗ್ಗಗಳು ಮೇಲಿನ ರಾಟೆಗಳ ಮೇಲೆ ಹಾಯ್ದು ಒಂದಾಗಿ ತರಬೇತುದಾರನ ಕೈಗೆ ಬರುತ್ತವೆ. ಯಾವಾಗ ಎಳೆಯಬೇಕು, ಯಾವಾಗ ಸಡಿಲ ಬಿಡಬೇಕು ಎಂಬುದನ್ನು ಅವನ ಕಣ್ಣೂ ಅನುಭವವೂ ತೀರ್ಮಾನಿಸುತ್ತವೆ. ಹಗ್ಗದ ಇನ್ನೊಂದು ತುದಿಗೆ ತೂಕದ ಬಟ್ಟುಗಳನ್ನು ಕಟ್ಟಿದರೆ ಎತ್ತುವ ಬಲ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ, ಕಲಿಯುವವರು ಮೇಲಿರಲಿ ಕೆಳಗಿರಲಿ ಅದಕ್ಕೆ ಭೇದವಿಲ್ಲ. ಸ್ಪ್ರಿಂಗಿನ ನಡೆ ಈ ಎರಡಕ್ಕಿಂತ ಬೇರೆ. ರಾಬರ್ಟ್ ಹುಕ್ 1678ರಲ್ಲಿ ವಿವರಿಸಿ ಪ್ರಕಟಿಸಿದ ನಿಯಮದಂತೆ, ಸ್ಪ್ರಿಂಗ್ ಎಷ್ಟು ಹಿಗ್ಗುತ್ತದೆಯೋ ಅದೇ ಪ್ರಮಾಣದಲ್ಲಿ ಹಿಂದಕ್ಕೆ ಎಳೆಯುತ್ತದೆ: 20 ಸೆಂಟಿಮೀಟರ್ ಹಿಗ್ಗಿದಾಗ 10 ಕಿಲೋ ತೂಕವನ್ನು ಹೊರುವ ಸ್ಪ್ರಿಂಗ್ 40 ಸೆಂಟಿಮೀಟರ್ ಹಿಗ್ಗಿದಾಗ 20 ಕಿಲೋ ಹೊರುತ್ತದೆ. ಆದ್ದರಿಂದ ದೇಹ ಮೇಲೇರಿದಂತೆ ಆಧಾರ ತಾನಾಗಿ ಕಡಿಮೆಯಾಗುತ್ತದೆ, ಕುಸಿದಂತೆ ತಾನಾಗಿ ಹೆಚ್ಚುತ್ತದೆ; ಅತ್ಯಂತ ಕೆಳಗೆ ಬಿದ್ದ ಕ್ಷಣದಲ್ಲಿ ಅದರ ಎಳೆತ ಅತ್ಯಂತ ಪ್ರಬಲವಾಗಿರುತ್ತದೆ.

ಇನ್ನೂ ಮುಖ್ಯವಾದ ಸಂಗತಿ ಬೆಲ್ಟಿನ ಸ್ಥಾನಕ್ಕೆ ಸಂಬಂಧಿಸಿದ್ದು. ಹಗ್ಗಗಳನ್ನು ಬೆಲ್ಟಿನ ಎರಡೂ ಪಕ್ಕಗಳಲ್ಲಿ, ಸೊಂಟದ ಹತ್ತಿರ, ಸರಾಗವಾಗಿ ತಿರುಗುವ ಕೊಂಡಿಗಳ ಮೂಲಕ ಜೋಡಿಸುತ್ತಾರೆ. ಈ ಜಾಗ ದೇಹದ ಗುರುತ್ವ ಕೇಂದ್ರಕ್ಕೆ, ಅಂದರೆ ಇಡೀ ತೂಕ ನೆಲೆಸಿದೆ ಎಂದು ಭಾವಿಸಬಹುದಾದ ಬಿಂದುವಿಗೆ, ಬಹಳ ಸಮೀಪದಲ್ಲಿದೆ. ಅಂಥ ಬಿಂದುವಿನ ಮೂಲಕ ಹಾಯುವ ಬಲ ದೇಹವನ್ನು ಎತ್ತಬಲ್ಲದು, ಆದರೆ ಅದನ್ನು ಉರುಳಿಸಲಾರದು. ಲಾಗಕ್ಕೆ ಬೇಕಾದ ಉರುಳುವೇಗ ಹುಟ್ಟುವುದು ನೆಲ ಬಿಡುವ ಕ್ಷಣದಲ್ಲಿ, ಕಾಲು ನೆಲವನ್ನು ಒದ್ದ ರೀತಿಯಲ್ಲಿ, ತೋಳು ಬೀಸಿದ ಹೊತ್ತಿನಲ್ಲಿ. ಗಾಳಿಗೆ ಹೋದ ಮೇಲೆ ದೇಹವನ್ನು ಮುದುಡಿ ಅದನ್ನು ಚುರುಕುಗೊಳಿಸಬಹುದು, ಚಾಚಿ ನಿಧಾನಗೊಳಿಸಬಹುದು, ಹೊಸದಾಗಿ ಹುಟ್ಟಿಸಲು ಬರುವುದಿಲ್ಲ. ಹೀಗೆ ಸರಿಯಾಗಿ ಕಟ್ಟಿದ ತೂಗುಸಾಧನ ಎತ್ತರವನ್ನೂ ಸಮಯವನ್ನೂ ಕೊಡುತ್ತದೆ. ಉರುಳುವುದು ಮಾತ್ರ ಕಲಿಯುವವರಿಗೇ ಉಳಿದ ಕೆಲಸ. ದೇಹದ ಉದ್ದಕ್ಕೆ ಸುತ್ತುವ ಟ್ವಿಸ್ಟ್ ಪಟ್ಟುಗಳಿಗಾಗಿ ಒಂದರೊಳಗೊಂದು ತಿರುಗುವ ಎರಡು ಬಳೆಗಳ ಬೆಲ್ಟ್ ಇದೆ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ತರಬೇತುದಾರ ಚಾರ್ಲಿ ಪಾಂಡ್ ಹೆಸರಿನೊಂದಿಗೆ ಅದು ಗುರುತಾಗಿದೆ. ಅಲ್ಲಿಯೂ ಹೊರಬಳೆ ಹಗ್ಗಕ್ಕೆ ಸೇರಿ ಸುಮ್ಮನಿರುತ್ತದೆ, ಒಳಬಳೆ ದೇಹದೊಂದಿಗೆ ಸುತ್ತುತ್ತದೆ, ಸುತ್ತಿಸುವ ಬಲ ಹಗ್ಗದಿಂದ ಬರುವುದಿಲ್ಲ.

ಸ್ಪರ್ಧೆಯ ನಿಯಮಗಳು ಕರ್ತೃತ್ವದ ಪ್ರಶ್ನೆಗೆ ಒಂದು ಕಟ್ಟುನಿಟ್ಟಾದ ಉತ್ತರವನ್ನು ಕೊಡುತ್ತವೆ. ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟದ ಅಂಕಸಂಹಿತೆಯ ಪ್ರಕಾರ, ಪಟ್ಟೊಂದನ್ನು ಮಾಡುವಾಗ ತರಬೇತುದಾರ ಕೈ ಹಚ್ಚಿ ನೆರವಾದರೆ ಪೂರ್ತಿ ಒಂದು ಅಂಕ ಕಡಿತವಾಗುತ್ತದೆ, ಆ ಪಟ್ಟಿಗೆ ಬೆಲೆಯೂ ಸಿಗುವುದಿಲ್ಲ; ಮುಟ್ಟಿ ನಡೆಸಿದ ಕ್ರಿಯೆ ಸ್ಪರ್ಧಿಯದಲ್ಲ ಎಂಬುದು ಇದರ ಹಿಂದಿನ ಭಾವನೆ. ಆದರೆ ಅದೇ ಸಂಹಿತೆ, ತೂಗುಬಳೆಗಳ ಸ್ಪರ್ಧೆಯಲ್ಲಿ ಎತ್ತರದ ಬಳೆಗಳು ಕೈಗೆ ಸಿಗುವಂತೆ ಜಿಮ್ನಾಸ್ಟನನ್ನು ಎತ್ತಿ ಹಿಡಿಯಲು ತರಬೇತುದಾರನಿಗೆ ಅನುಮತಿ ಕೊಡುತ್ತದೆ, ಆ ಎತ್ತುವಿಕೆಯನ್ನು ಕ್ರಿಯೆಯ ಭಾಗವೆಂದು ಎಣಿಸುವುದೇ ಇಲ್ಲ. ಇನ್ನೊಂದು ಕಡೆ, ನೆಲದ ವ್ಯಾಯಾಮ ನಡೆಯುವ 12 ಮೀಟರ್ ಉದ್ದಗಲದ ಅಂಕಣದ ಹಲಗೆಗಳ ಕೆಳಗೆ ಸಾಲುಸಾಲಾಗಿ ಸ್ಪ್ರಿಂಗುಗಳಿವೆ, ವಾಲ್ಟ್ ಮೇಜಿನ ಮುಂದಿರುವ ನೆಗೆಹಲಗೆಯಲ್ಲಿಯೂ ಸ್ಪ್ರಿಂಗುಗಳಿವೆ. ಅವು ಕೊಡುವ ಬಲವಿಲ್ಲದೆ ನೆಲದ ವ್ಯಾಯಾಮದ, ವಾಲ್ಟಿನ ಇಂದಿನ ದೊಡ್ಡ ಪಟ್ಟುಗಳು ಹೆಚ್ಚುಕಡಿಮೆ ಸಾಧ್ಯವಿಲ್ಲ. ತಲೆಯ ಮೇಲಿನ ಸ್ಪ್ರಿಂಗ್ ನೆರವೆನ್ನಿಸಿಕೊಂಡು ದಂಡನೆಗೆ ಗುರಿಯಾದರೆ, ಕಾಲ ಕೆಳಗಿನ ಸ್ಪ್ರಿಂಗ್ ನೆಲವೆನ್ನಿಸಿಕೊಂಡು ಮರೆತೇ ಹೋಗುತ್ತದೆ. ಸ್ಪರ್ಧೆಗೆ ಇಂಥದೊಂದು ಗೆರೆ ಬೇಕು, ಅದನ್ನು ಎಲ್ಲರಿಗೂ ಸಮನಾಗಿ ಎಳೆದಿರುವುದು ನ್ಯಾಯವೂ ಹೌದು. ಆದರೆ ಕ್ರಿಯೆಯ ಸ್ವರೂಪ ಏನೆಂಬುದನ್ನು ಆ ಗೆರೆ ತಿಳಿಸುತ್ತದೆ ಎಂದು ಭಾವಿಸಿದರೆ ತಪ್ಪಾಗುತ್ತದೆ. ಗಾಳಿಯ ತಡೆಯನ್ನು ಸೀಳಿ ಹಾರುವ ಪಾರಿವಾಳ ನಿರ್ವಾತದಲ್ಲಿ ಇನ್ನೂ ಸಲೀಸಾಗಿ ಹಾರಬಹುದೆಂದು ಊಹಿಸಿಕೊಂಡೀತು ಎಂದು ಜರ್ಮನ್ ದಾರ್ಶನಿಕ ಇಮ್ಯಾನುಯೆಲ್ ಕಾಂಟ್ ಜ್ಞಾನದ ವಿಚಾರವಾಗಿ ಕೊಟ್ಟ ಎಚ್ಚರಿಕೆ ಕ್ರಿಯೆಯ ವಿಚಾರದಲ್ಲಿಯೂ ಅಷ್ಟೇ ಸಲ್ಲುತ್ತದೆ. ಆಧಾರವೇ ಇಲ್ಲದ ಕ್ರಿಯೆಯೊಂದು ಎಲ್ಲಿಯೂ ಇಲ್ಲ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವ ಕರ್ಮಕ್ಕೂ ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ, ಅಂದರೆ ಕ್ರಿಯೆಗೆ ನೆಲೆಯಾದ ದೇಹ; ಕರ್ತೃ; ಕರಣ, ಅಂದರೆ ಇಂದ್ರಿಯಾದಿ ಸಾಧನಗಳು; ಬಗೆಬಗೆಯ ಚೇಷ್ಟೆಗಳು; ಐದನೆಯದಾಗಿ ದೈವ. ಇಷ್ಟೆಲ್ಲ ಇರುವಾಗ ತಾನೊಬ್ಬನೇ ಕರ್ತೃವೆಂದು ಕಾಣುವವನ ನೋಟ ಸರಿಯಲ್ಲವೆಂದು ಅಲ್ಲಿಯೇ ಹೇಳಲಾಗಿದೆ. ಇಲ್ಲಿ ಗಮನಿಸಬೇಕಾದದ್ದು, ಪಟ್ಟಿಯಲ್ಲಿ ದೈವಕ್ಕೆ ಸ್ಥಾನವಿದ್ದರೂ ಕರ್ತೃವನ್ನು ಅಳಿಸಿಲ್ಲ ಎಂಬುದನ್ನು. ಖಂಡನೆಗೆ ಒಳಗಾಗಿರುವುದು ಕರ್ತೃತ್ವವಲ್ಲ, ಏಕಾಕಿ ಕರ್ತೃತ್ವದ ಭ್ರಮೆ. ರಾಮಾನುಜರು ತಮ್ಮ ಗೀತಾಭಾಷ್ಯದಲ್ಲಿ ಈ ಭಾಗವನ್ನು ವಿವರಿಸುವಾಗ ಕೊಡುವ ದೃಷ್ಟಾಂತ ಪ್ರಸ್ತುತ ವಿಷಯಕ್ಕೆ ಬಹಳ ಹತ್ತಿರದ್ದು. ಭಾರಿ ಬಂಡೆಯನ್ನೋ ಮರವನ್ನೋ ಸರಿಸಲು ಹಲವರು ಕೈಗೂಡಿಸಬೇಕಾಗುತ್ತದೆ. ಹಲವರಿಂದ ಆದ ಕೆಲಸವೆಂಬ ಕಾರಣಕ್ಕೆ ಅವರಲ್ಲಿ ಒಬ್ಬೊಬ್ಬನ ಹೊಣೆಯೂ ಇಲ್ಲವಾಗುವುದಿಲ್ಲ, ಮಾಡು ಎಂಬ ವಿಧಿಯೂ ಮಾಡಬೇಡ ಎಂಬ ನಿಷೇಧವೂ ಪ್ರತಿಯೊಬ್ಬನಿಗೂ ಅನ್ವಯಿಸುತ್ತವೆ. ಕ್ರಿಯೆಯೊಂದನ್ನು ಪಾಲುಮಾಡಿ ಇಷ್ಟು ನನ್ನದು ಅಷ್ಟು ನಿನ್ನದು ಎಂದು ಅಳೆಯುವ ಲೆಕ್ಕ ಇಲ್ಲಿ ಸೋಲುತ್ತದೆ, ಏಕೆಂದರೆ ಕೂಡಿ ಮಾಡಿದ ಕ್ರಿಯೆ ಪ್ರತಿಯೊಬ್ಬನದೂ ಪೂರ್ತಿಯಾಗಿರಬಲ್ಲದು.

ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದ ಇದೇ ಪ್ರಶ್ನೆಯನ್ನು ಎರಡು ಹೆಜ್ಜೆಗಳಲ್ಲಿ ಎದುರಿಸುತ್ತದೆ. ಮೊದಲಿಗೆ, ಜೀವ ಕರ್ತೃವಲ್ಲವಾದರೆ ಅವನಿಗೆ ಆಜ್ಞೆ ಕೊಡುವ ಶಾಸ್ತ್ರಕ್ಕೆ ಅರ್ಥವೇ ಉಳಿಯುವುದಿಲ್ಲವೆಂದು ವಾದಿಸಿ ಜೀವನ ಕರ್ತೃತ್ವವನ್ನು ಸ್ಥಾಪಿಸಲಾಗುತ್ತದೆ. ಅನಂತರ, ಆ ಕರ್ತೃತ್ವ ಪರಮಾತ್ಮನಿಂದ ಬಂದದ್ದೆಂದು ಹೇಳಿ, ಹಾಗಾದರೆ ಮನುಷ್ಯ ಬರಿಯ ಸೂತ್ರದ ಗೊಂಬೆಯಾಗುವುದಿಲ್ಲವೇ ಎಂಬ ಆಕ್ಷೇಪಕ್ಕೆ, ಪರಮಾತ್ಮ ಜೀವ ಮಾಡಿದ ಯತ್ನವನ್ನು ಅಪೇಕ್ಷಿಸಿಯೇ ಕೆಲಸ ಮಾಡಿಸುತ್ತಾನೆ ಎಂಬ ಸಮಾಧಾನವನ್ನು ಕೊಡಲಾಗುತ್ತದೆ. ಈ ಯತ್ನಾಪೇಕ್ಷೆಯನ್ನು ಆಚಾರ್ಯರು ಬೇರೆ ಬೇರೆ ಬಗೆಯಲ್ಲಿ ತಿಳಿದರು. ಶಂಕರಾಚಾರ್ಯರಿಗೆ ಈಶ್ವರ ಮಳೆಯಂತೆ ಸಾಧಾರಣ ಕಾರಣ: ಮಳೆಯಿಲ್ಲದೆ ಯಾವ ಬೆಳೆಯೂ ಇಲ್ಲ, ಆದರೆ ಯಾವ ಬೀಜ ಯಾವ ಗಿಡವಾಗುತ್ತದೆ ಎಂಬುದನ್ನು ಮಳೆ ನಿರ್ಧರಿಸುವುದಿಲ್ಲ, ಜೊತೆಗೆ ಅವರ ಮತದಲ್ಲಿ ಕರ್ತೃತ್ವವೇ ಉಪಾಧಿಗಳಿಂದ, ಅಂದರೆ ಬುದ್ಧಿ ಮೊದಲಾದ ಸೇರ್ಪಡೆಗಳಿಂದ, ಬಂದದ್ದಾದ್ದರಿಂದ ಈ ಇಡೀ ಚರ್ಚೆ ವ್ಯವಹಾರದ ಮಟ್ಟದಲ್ಲಿ ಮಾತ್ರ ಸತ್ಯ. ರಾಮಾನುಜರು ಅನುಮತಿ ಎಂಬ ಪರಿಕಲ್ಪನೆಯನ್ನು ಮುಂದಿಡುತ್ತಾರೆ: ಇಬ್ಬರಿಗೆ ಸೇರಿದ ಸೊತ್ತನ್ನು ಒಬ್ಬ ಪರಭಾರೆ ಮಾಡಬೇಕಾದರೆ ಇನ್ನೊಬ್ಬನ ಒಪ್ಪಿಗೆ ಬೇಕು, ಆದರೂ ಕೊಟ್ಟವನು ಮೊದಲನೆಯವನೇ, ಫಲವೂ ಅವನಿಗೇ. ಉಡುಪಿಯ ಮಧ್ವಾಚಾರ್ಯರು ಜೀವನ ಕರ್ತೃತ್ವ ಸತ್ಯವೆಂದು ಒಪ್ಪಿ, ಆದರೆ ಅದರ ಪ್ರತಿಯೊಂದು ಅಂಶವೂ ಸ್ವತಂತ್ರನಾದ ವಿಷ್ಣುವಿನ ಅಧೀನವೆಂದು ಒತ್ತಿ ಹೇಳುತ್ತಾರೆ. ಯತ್ನಿಸುವ ಶಕ್ತಿಯೂ ಅವನೇ ಕೊಟ್ಟದ್ದು.

ತೂಗುಸಾಧನದ ಮುಂದೆ ಇಟ್ಟು ನೋಡಿದಾಗ ಈ ಮೂರರಲ್ಲಿ ರಾಮಾನುಜರ ನಿಲುವು ಹೆಚ್ಚು ಮನವರಿಕೆಯಾಗುತ್ತದೆ. ಎತ್ತುವ ಬಲ ಹೊರಗಿನದು, ಅದಿಲ್ಲದಿದ್ದರೆ ಕಲಿಕೆಯ ಹಂತದ ಆ ಲಾಗ ನಡೆಯುತ್ತಲೇ ಇರಲಿಲ್ಲ. ಆದರೂ ಉರುಳಿದ್ದು ದೇಹದ ಒಡೆಯ, ಅಥವಾ ಒಡತಿ. ಹೊರಗಿನ ಬಲ ಉರುಳುವಿಕೆಗೆ ಎಡೆ ಮಾಡಿಕೊಟ್ಟಿತು, ಅದರ ಬದಲಿಗೆ ತಾನು ಉರುಳಲಿಲ್ಲ. ಮಳೆಯ ದೃಷ್ಟಾಂತದಲ್ಲಿ ಕೊಡುವವನು ಯಾರನ್ನೂ ನೋಡುವುದಿಲ್ಲ; ಅನುಮತಿಯ ದೃಷ್ಟಾಂತದಲ್ಲಿ ಒಬ್ಬ ಇನ್ನೊಬ್ಬನ ಸಂಕಲ್ಪವನ್ನು ಗಮನಿಸುತ್ತಾನೆ, ಅದಕ್ಕೆ ಸ್ಪಂದಿಸುತ್ತಾನೆ. ಹಗ್ಗ ಹಿಡಿದ ಒಳ್ಳೆಯ ತರಬೇತುದಾರ ಮಾಡುವುದು ಇದನ್ನೇ: ಕಲಿಯುವವಳು ನೆಲ ಒದೆಯುವುದನ್ನು ಕಾಯುತ್ತಾನೆ, ಅವಳ ನೆಗೆತಕ್ಕೆ ತನ್ನ ಎಳೆತವನ್ನು ಹೊಂದಿಸುತ್ತಾನೆ. ಮೊದಲೇ ಎಳೆದರೆ ಕಾಲಿನ ಒದೆತ ನೆಲಕ್ಕೆ ಪೂರ್ತಿ ತಲುಪುವುದಿಲ್ಲ, ಉರುಳುವೇಗವೂ ಹುಟ್ಟುವುದಿಲ್ಲ. ಅವಸರದ ನೆರವು ತಾನು ನೆರವಾಗಬೇಕಿದ್ದ ಕ್ರಿಯೆಯನ್ನೇ ಕೆಡಿಸುತ್ತದೆ.

ಸ್ಪ್ರಿಂಗಿನ ವಿಷಯಕ್ಕೆ ಬಂದಾಗ ಚರ್ಚೆ ಇನ್ನೊಂದು ದಿಕ್ಕಿಗೆ ಹೊರಳುತ್ತದೆ. ಸ್ಪ್ರಿಂಗಿಗೆ ಕಣ್ಣಿಲ್ಲ, ಸಂಕಲ್ಪವಿಲ್ಲ. ದೇಹ ಬೀಳುವಾಗ ಅದರಲ್ಲಿ ತುಂಬಿದ ಶಕ್ತಿಯನ್ನು ಅದು ಕೂಡಿಟ್ಟುಕೊಳ್ಳುತ್ತದೆ, ದೇಹ ಮೇಲೇಳುವಾಗ, ಘರ್ಷಣೆಯಲ್ಲಿ ಹೋದದ್ದನ್ನು ಕಳೆದು, ಮರಳಿಸುತ್ತದೆ. ಪೂರ್ವಮೀಮಾಂಸಕರು ಅಪೂರ್ವವೆಂದು ಕರೆದದ್ದು ಬಹುಮಟ್ಟಿಗೆ ಇಂಥದೊಂದು ಶಕ್ತಿಯನ್ನು. ಇಂದು ಮಾಡಿ ಮುಗಿದ ಯಾಗ ಎಷ್ಟೋ ಕಾಲದ ನಂತರ ಸ್ವರ್ಗವನ್ನು ಕೊಡುತ್ತದೆಂದರೆ, ನಡುವಿನ ಅವಧಿಯಲ್ಲಿ ಕರ್ಮದ ಪರಿಣಾಮವನ್ನು ಹಿಡಿದಿಟ್ಟುಕೊಳ್ಳುವ ಕಾಣದ ಸಾಮರ್ಥ್ಯವೊಂದು ಇರಲೇಬೇಕು ಎಂಬುದು ಅವರ ವಾದ. ಫಲ ಕೊಡಲು ದೇವರು ಬೇಕಿಲ್ಲ, ಕರ್ಮ ತಾನೇ ತನ್ನ ಫಲವನ್ನು ಹಿಂದಿರುಗಿಸುತ್ತದೆ. ಬ್ರಹ್ಮಸೂತ್ರಗಳ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಪೂರ್ವಮೀಮಾಂಸೆಯ ಜೈಮಿನಿಯ ಈ ಮತವನ್ನು ಹೆಸರಿಸಿ, ಸೂತ್ರಕಾರರಾದ ಬಾದರಾಯಣರು ಫಲದಾತ ಈಶ್ವರನೇ ಎಂಬ ತಮ್ಮ ಮತವನ್ನು ಎದುರಿಗೆ ಇಡುತ್ತಾರೆ. ಜಡವಾದ ಅಪೂರ್ವಕ್ಕೆ ಯಾರಿಗೆ ಯಾವಾಗ ಎಷ್ಟು ಎಂಬ ತಿಳಿವಳಿಕೆ ಇರಲಾರದು, ಚೇತನವೊಂದು ಅದನ್ನು ನಡೆಸಬೇಕು ಎಂಬುದು ವೇದಾಂತಿಗಳ ಮುಖ್ಯ ತರ್ಕ.

ವ್ಯಾಯಾಮಶಾಲೆಯ ಅನುಭವ ಈ ವಿವಾದದಲ್ಲಿ ಎರಡೂ ಪಕ್ಷಗಳಿಗೆ ಸ್ವಲ್ಪ ಸ್ವಲ್ಪ ಸಾಕ್ಷಿ ಹೇಳುತ್ತದೆ. ಸ್ಪ್ರಿಂಗ್ ಪಕ್ಷಪಾತವನ್ನು ಅರಿಯದು. ಕೋಪಗೊಂಡ ದಿನ ಬಿಗಿಯಾಗಿ, ಮೆಚ್ಚಿದ ದಿನ ಮೆತ್ತಗೆ ಎಳೆಯುವುದಿಲ್ಲ, ಬೇಸತ್ತು ಕೈಬಿಡುವುದಿಲ್ಲ. ನಿಯಮದ ಈ ನಿಷ್ಠೆಯಲ್ಲಿ ಒಂದು ಬಗೆಯ ಕರುಣೆ ಇದೆ, ಮನುಷ್ಯರ ಕೈಯಲ್ಲಿ ನೊಂದವರಿಗೆ ಅದರ ಬೆಲೆ ಗೊತ್ತು. ಆದರೆ 30 ಕಿಲೋ ತೂಕದ ಮಗುವಿಗೆ ಒಪ್ಪುವ ಸ್ಪ್ರಿಂಗ್ 60 ಕಿಲೋ ತೂಕದ ಯುವಕನಿಗೆ ಒಪ್ಪುವುದಿಲ್ಲ. ಬಿಗಿ ಹೆಚ್ಚಿದ ಸ್ಪ್ರಿಂಗ್ ಹಗುರ ದೇಹವನ್ನು ನೆಲಕ್ಕೆ ಇಳಿಯಲೇ ಬಿಡದು, ಬಿಗಿ ಸಾಲದ್ದು ಭಾರದ ದೇಹವನ್ನು ತಡೆಯದು. ಯಾರಿಗೆ ಯಾವ ಸ್ಪ್ರಿಂಗ್, ಎಷ್ಟು ಎತ್ತರದಲ್ಲಿ, ಎಷ್ಟು ದಿನ ಎಂಬುದನ್ನು ತೂಗಿ ನೋಡಿ ನಿರ್ಧರಿಸಿದವರು ಇದ್ದೇ ಇರುತ್ತಾರೆ. ನಿಯಮ ಜಡವಾಗಿಯೇ ನಡೆಯಬಹುದು. ಅದನ್ನು ಒಬ್ಬ ವ್ಯಕ್ತಿಯ ಅಳತೆಗೆ ಹೊಂದಿಸುವುದು ಜಡದ ಕೆಲಸವಲ್ಲ. ಈ ಅಂಶದಲ್ಲಿ ಬಾದರಾಯಣರ ಕಡೆಯೇ ತೂಕ ಹೆಚ್ಚು.

ಕೃಪೆ ಮತ್ತು ಯತ್ನದ ಸಂಬಂಧವನ್ನು ಅತ್ಯಂತ ತೀಕ್ಷ್ಣವಾಗಿ ಚರ್ಚಿಸಿದವರು ರಾಮಾನುಜರ ನಂತರದ ಶ್ರೀವೈಷ್ಣವರು. ವೇದಾಂತದೇಶಿಕರನ್ನು ಅನುಸರಿಸುವ ವಡಗಲೆಯವರ ನಿಲುವನ್ನು ಮರ್ಕಟಕಿಶೋರ ನ್ಯಾಯವೆಂದು, ಪಿಳ್ಳೈ ಲೋಕಾಚಾರ್ಯರನ್ನು ಅನುಸರಿಸುವ ತೆಂಗಲೆಯವರ ನಿಲುವನ್ನು ಮಾರ್ಜಾಲಕಿಶೋರ ನ್ಯಾಯವೆಂದು ಕರೆಯುವುದು ರೂಢಿ: ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವಚಿ ಹಿಡಿಯಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ. ವ್ಯಾಯಾಮದ ಜಗತ್ತಿನಲ್ಲಿ ಈ ಎರಡಕ್ಕೂ ನೇರವಾದ ಪ್ರತಿರೂಪಗಳಿವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲಸ್ತಂಭದ, ಅಂದರೆ ಮಲ್ಲರು ವ್ಯಾಯಾಮಕ್ಕೆ ಬಳಸುವ ಕಂಬದ, ಉಲ್ಲೇಖವಿದೆ. ಆ ಪರಂಪರೆಯ ಮಲ್ಲಕಂಬದಲ್ಲಿ ಇಂದು ಹಗ್ಗದ ಪ್ರಕಾರವೊಂದಿದ್ದು, ತೂಗುವ ಹತ್ತಿಯ ಹಗ್ಗವನ್ನು ಕಾಲ ಬೆರಳ ಸಂದಿನಲ್ಲಿ, ತೊಡೆಯಲ್ಲಿ, ತೋಳಿನಲ್ಲಿ ಸಿಕ್ಕಿಸಿಕೊಂಡು ಕಲಿಯುವವರು ತಮ್ಮ ಹಿಡಿತದಿಂದಲೇ ಆಸನಗಳಲ್ಲಿ ನಿಲ್ಲುತ್ತಾರೆ. ಅಲ್ಲಿ ದೇಹ ಹಗ್ಗವನ್ನು ಹಿಡಿಯುತ್ತದೆ. ತೂಗುಬೆಲ್ಟಿನಲ್ಲಿ ಹಗ್ಗ ದೇಹವನ್ನು ಹಿಡಿಯುತ್ತದೆ. ಹಗ್ಗದ ಮಲ್ಲಕಂಬದಲ್ಲಿ ಹಿಡಿತ ಸಡಿಲಿದರೆ ರಕ್ಷಣೆ ಇಲ್ಲ, ಬೆಲ್ಟಿನಲ್ಲಿ ಸ್ಮೃತಿ ತಪ್ಪಿದವನಿಗೂ ರಕ್ಷಣೆ ಇದೆ.

ಆದರೆ ರೂಢಿಯ ಈ ಜೋಡಿ ಹೋಲಿಕೆ ಎರಡೂ ಸಂಪ್ರದಾಯಗಳ ಸೂಕ್ಷ್ಮವನ್ನು ಮರೆಸುತ್ತದೆ ಎನ್ನಬೇಕು. ದೇಶಿಕರು ಶರಣಾಗತಿಯನ್ನು, ಅಂದರೆ ಪ್ರಪತ್ತಿಯನ್ನು, ಮೋಕ್ಷದ ಬೆಲೆಯೆಂದು ಎಂದೂ ಹೇಳಲಿಲ್ಲ. ಅದು ವ್ಯಾಜ, ಭಗವಂತ ಕೃಪೆ ತೋರಲು ಸಿಗುವ ಒಂದು ನೆಪ. ನೆಪವಾದರೂ ಇಲ್ಲದಿದ್ದರೆ ಒಬ್ಬರನ್ನು ಎತ್ತಿ ಇನ್ನೊಬ್ಬರನ್ನು ಬಿಟ್ಟ ಪಕ್ಷಪಾತದ ದೋಷ ಭಗವಂತನಿಗೆ ತಟ್ಟುತ್ತದೆ ಎಂಬುದು ಅವರ ಚಿಂತೆ. ಲೋಕಾಚಾರ್ಯರು ತಮ್ಮ ಶ್ರೀವಚನಭೂಷಣದಲ್ಲಿ ನಿರ್ಹೇತುಕ ಕೃಪೆಯನ್ನು, ಅಂದರೆ ಯಾವ ಕಾರಣವನ್ನೂ ಕಾಯದ ಕೃಪೆಯನ್ನು, ಪ್ರತಿಪಾದಿಸಿದರು. ಅವರ ದೃಷ್ಟಿಯಲ್ಲಿ ಭಗವಂತನ ವಾತ್ಸಲ್ಯ ಭಕ್ತನ ದೋಷವನ್ನು ಕಂಡು ಹಿಂಜರಿಯುವುದಿಲ್ಲ, ಹೆಚ್ಚು ಕುಸಿದವನ ಕಡೆಗೆ ಹೆಚ್ಚಾಗಿಯೇ ಹರಿಯುತ್ತದೆ. ಕುಸಿತಕ್ಕೆ ತಕ್ಕಂತೆ ಬಲಗೊಳ್ಳುವ ಆಧಾರವೆಂಬ ಕಲ್ಪನೆ ಅಸಾಧ್ಯವಾದ ಭಾವುಕತೆ ಎನ್ನುವವರಿಗೆ, ಪ್ರಕೃತಿಯ ತೀರ ಸಾಮಾನ್ಯ ನಿಯಮವೊಂದು ಹಾಗೆಯೇ ನಡೆಯುತ್ತದೆ ಎಂಬುದನ್ನಾದರೂ ತೋರಿಸಬಹುದು.

ಈ ಇಬ್ಬರೂ ಆಚಾರ್ಯರು ವಿಚಾರವನ್ನು ನೆಮ್ಮದಿಯ ಕಾಲದಲ್ಲಿ ಕುಳಿತು ಹೆಣೆದವರಲ್ಲ ಎಂಬುದನ್ನೂ ನೆನೆಯಬೇಕು. 1323ರ ಸುಮಾರಿಗೆ ದೆಹಲಿ ಸುಲ್ತಾನರ ಸೈನ್ಯ ಶ್ರೀರಂಗದ ಮೇಲೆ ಎರಗಿದಾಗ, ವೃದ್ಧರಾದ ಲೋಕಾಚಾರ್ಯರು ಉತ್ಸವಮೂರ್ತಿಯನ್ನು ಉಳಿಸಲು ಹೊತ್ತೊಯ್ದವರ ಮುಂದಾಳಾಗಿ ಹೋಗಿ ದಾರಿಯಲ್ಲಿಯೇ ಕೊನೆಯುಸಿರೆಳೆದರೆಂದೂ, ದೇಶಿಕರು ಗ್ರಂಥಗಳನ್ನು ಉಳಿಸಿಕೊಂಡು ಕನ್ನಡನಾಡಿಗೆ ಬಂದು ಇಂದಿನ ಕೊಳ್ಳೇಗಾಲದ ಬಳಿಯ ಸತ್ಯಾಗಾಲದಲ್ಲಿಯೂ ಮೇಲುಕೋಟೆಯಲ್ಲಿಯೂ ನೆಲೆಸಿದ್ದರೆಂದೂ ಸಂಪ್ರದಾಯ ಹೇಳುತ್ತದೆ. ಭಗವಂತನೇ ಹೊರುತ್ತಾನೆ ಎಂದು ಬೋಧಿಸಿದವರು ಭಗವಂತನ ಮೂರ್ತಿಯನ್ನು ತಾವೇ ಕಾಯುತ್ತ ನಡೆದರು. ಅವರ ಬದುಕಿನಲ್ಲಿ ಕೃಪೆಯ ನಂಬಿಕೆ ಸೋಮಾರಿತನಕ್ಕೆ ನೆಪವಾಗಲಿಲ್ಲ, ಎದೆಗುಂದದೆ ಕೆಲಸ ಮಾಡುವ ಬಲವಾಯಿತು. ಮಾರ್ಜಾಲ ನ್ಯಾಯವನ್ನು ನಿಷ್ಕ್ರಿಯತೆಯ ಬೋಧೆಯೆಂದು ತಳ್ಳಿಹಾಕುವವರು ಈ ಮುಪ್ಪಿನ ಪಯಣಕ್ಕೆ ಉತ್ತರ ಕೊಡಬೇಕಾಗುತ್ತದೆ.

ಆಧಾರ ಎಲ್ಲಿಯವರೆಗೆ ಎಂಬುದು ಮುಂದಿನ ಪ್ರಶ್ನೆ. ಚಲನೆಯ ಕಲಿಕೆಯನ್ನು ಅಧ್ಯಯನ ಮಾಡಿದ ಸಾಲ್ಮೋನಿ, ಸ್ಮಿಟ್ ಮತ್ತು ವಾಲ್ಟರ್ 1984ರಲ್ಲಿ ಮಂಡಿಸಿದ ಒಂದು ವಿಚಾರದ ಪ್ರಕಾರ, ಹೊರಗಿನ ಮಾರ್ಗದರ್ಶನ ಸದಾ ಸಿಗುತ್ತಿದ್ದರೆ ಅಭ್ಯಾಸದ ಹೊತ್ತಿನಲ್ಲಿ ಕೆಲಸ ಚೆನ್ನಾಗಿ ನಡೆಯುತ್ತದೆ, ಆದರೆ ಅದನ್ನು ತೆಗೆದಾಗ ಕಲಿತದ್ದು ನಿಲ್ಲುವುದಿಲ್ಲ. ತನ್ನ ದೇಹದಿಂದ ಬರುವ ಸೂಚನೆಗಳನ್ನು ಓದುವುದನ್ನು ಕಲಿಯುವವನು ಕಲಿತೇ ಇರುವುದಿಲ್ಲ. ತೂಗುಬೆಲ್ಟಿನಲ್ಲಿ ಹೆಚ್ಚು ಕಾಲ ಉಳಿದವರಿಗೂ ಹೀಗೆಯೇ ಆಗುತ್ತದೆ, ಏಕೆಂದರೆ ಸ್ಪ್ರಿಂಗ್ ಹಿಗ್ಗಿಸಿದ ಸಮಯಕ್ಕೆ ಒಗ್ಗಿದ ದೇಹ ಬರಿನೆಲದ ಚಿಕ್ಕ ಸಮಯದಲ್ಲಿ ತಡವರಿಸುತ್ತದೆ. ಆದ್ದರಿಂದ ಅನುಭವಿಗಳು ಸ್ಪ್ರಿಂಗಿನ ಬಿಗಿಯನ್ನು ಹಂತಹಂತವಾಗಿ ಕಡಿಮೆ ಮಾಡುತ್ತ, ಕೊನೆಗೆ ಬೆಲ್ಟ್ ಇದ್ದೂ ಹಗ್ಗ ಸಡಿಲವಾಗಿ ಜೋಲುವ ಸ್ಥಿತಿಗೆ ತರುತ್ತಾರೆ. ಧಾರ್ಮಿಕ ಜೀವನದಲ್ಲಿ ಗುರುವಿನ ಸ್ಥಾನವನ್ನೂ ಈ ಅಳತೆಯಿಂದಲೇ ಪರಿಶೀಲಿಸಬೇಕು. ಶಿಷ್ಯ ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡುವುದು ಗುರುತ್ವದ ಗುರಿ. ವರ್ಷಗಳು ಕಳೆದರೂ ಪ್ರತಿ ಹೆಜ್ಜೆಗೂ ತನ್ನ ಅಪ್ಪಣೆಯನ್ನೇ ಕಾಯುವ ಶಿಷ್ಯರನ್ನು ಬೆಳೆಸಿದ ಗುರು, ಎಷ್ಟೇ ಪೂಜ್ಯನೆನ್ನಿಸಿಕೊಂಡರೂ, ಕಲಿಸುವ ಕೆಲಸದಲ್ಲಿ ಸೋತವನು. ದೇವರ ಆಧಾರಕ್ಕೆ ಕೊನೆಯಿಲ್ಲವೆಂದು ಎಲ್ಲ ವೇದಾಂತಿಗಳೂ ಒಪ್ಪಬಹುದು. ಮನುಷ್ಯ ಗುರು ಆ ಅನಂತತೆಯನ್ನು ತನ್ನದೆಂದು ಹೇಳಿಕೊಳ್ಳಬಾರದು.

ಶ್ರೀವೈಷ್ಣವರು ಪ್ರಪತ್ತಿಗೆ ಹೇಳುವ ಐದು ಅಂಗಗಳಲ್ಲಿ ಎರಡು ಇಲ್ಲಿ ವಿಶೇಷವಾಗಿ ಮುಖ್ಯವಾಗುತ್ತವೆ. ಒಂದು ಮಹಾವಿಶ್ವಾಸ, ಕಾಯುವವನು ಕಾದೇ ಕಾಯುತ್ತಾನೆಂಬ ಅಚಲ ನಂಬಿಕೆ. ಇನ್ನೊಂದು ಗೋಪ್ತೃತ್ವವರಣ, ಅಂದರೆ ನೀನು ನನ್ನ ರಕ್ಷಕನಾಗು ಎಂದು ಬಾಯಿಬಿಟ್ಟು ಬೇಡಿ ಆರಿಸಿಕೊಳ್ಳುವುದು. ಸರ್ವಶಕ್ತನಾದ ಭಗವಂತನ ವಿಷಯದಲ್ಲಿಯೇ ಬೇಡಿಕೆಗಾಗಿ ಕಾಯುವ ಒಂದು ಮರ್ಯಾದೆಯನ್ನು ಕಲ್ಪಿಸಿದ ಸಂಪ್ರದಾಯವಿದು. ಮನುಷ್ಯ ಮನುಷ್ಯನಿಗೆ ಆಧಾರವಾಗುವಾಗ ಆ ಮರ್ಯಾದೆ ಇನ್ನೂ ಎಷ್ಟೋ ಪಾಲು ಹೆಚ್ಚು ಬೇಕು.

ಜಿಮ್ನಾಸ್ಟಿಕ್ಸಿನ ಇತಿಹಾಸ ಈ ಮರ್ಯಾದೆ ತಪ್ಪಿದ ಪ್ರಸಂಗಗಳನ್ನು ಮರೆಯಲಾಗದಂತೆ ದಾಖಲಿಸಿದೆ. 1978ರ ವಿಶ್ವ ಚಾಂಪಿಯನ್ ಆಗಿದ್ದ ಸೋವಿಯತ್ ಒಕ್ಕೂಟದ ಎಲೆನಾ ಮುಖಿನಾ, ಮುರಿದ ಕಾಲು ಪೂರ್ತಿ ಗುಣವಾಗುವ ಮೊದಲೇ ತರಬೇತಿಗೆ ಮರಳಬೇಕಾಯಿತು. ಥಾಮಸ್ ಸಾಲ್ಟೊ ಎಂಬ ಅಪಾಯಕಾರಿ ಪಟ್ಟಿನ ಬಗ್ಗೆ ಆಕೆ ಹೇಳಿಕೊಂಡ ಭಯಕ್ಕೆ ತರಬೇತುದಾರ ಕಿವಿಗೊಡಲಿಲ್ಲ. 1980ರ ಜುಲೈ 3ರಂದು, ಮಾಸ್ಕೋ ಒಲಿಂಪಿಕ್ಸಿಗೆ ಸುಮಾರು ಎರಡು ವಾರ ಉಳಿದಿರುವಾಗ, ಮಿನ್ಸ್ಕ್ ನಗರದಲ್ಲಿ ಆ ಪಟ್ಟಿನ ಅಭ್ಯಾಸದಲ್ಲಿ ಗದ್ದ ನೆಲಕ್ಕೆ ಬಡಿಯುವಂತೆ ಬಿದ್ದು ಆಕೆಯ ಬೆನ್ನುಹುರಿಗೆ ಪೆಟ್ಟಾಯಿತು. 2006ರಲ್ಲಿ ತೀರಿಕೊಳ್ಳುವವರೆಗೆ ಕೈಕಾಲುಗಳ ಸ್ವಾಧೀನವಿಲ್ಲದೆಯೇ ಆಕೆ ಬದುಕಿದರು. ಆ ಪಟ್ಟನ್ನು ಮುಂದೆ ಮಹಿಳೆಯರ ಸ್ಪರ್ಧೆಯಿಂದ ನಿಷೇಧಿಸಲಾಯಿತು. ಅಲ್ಲಿ ಇಲ್ಲದೆ ಹೋದದ್ದು ಉಪಕರಣವೊಂದೇ ಅಲ್ಲ; ಬೇಡವೆನ್ನುವ ಮಾತಿಗೆ ಸ್ಥಾನವೂ ಇರಲಿಲ್ಲ.

2021ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಅವರ ನಡೆ ಇದಕ್ಕೆ ಎದುರಾದದ್ದು. ಜುಲೈ 27ರ ತಂಡ ಸ್ಪರ್ಧೆಯ ವಾಲ್ಟಿನಲ್ಲಿ ಎರಡೂವರೆ ಸುತ್ತು ಸುತ್ತಬೇಕಿದ್ದ ಅವರು ಒಂದೂವರೆ ಸುತ್ತಿಗೇ ಇಳಿದರು. ಗಾಳಿಯಲ್ಲಿ ತನ್ನ ದೇಹ ಎಲ್ಲಿದೆ ಎಂಬ ಅರಿವು ಕಳೆದುಹೋಗುವ, ಜಿಮ್ನಾಸ್ಟರು ಟ್ವಿಸ್ಟೀಸ್ ಎಂದು ಕರೆಯುವ ಸ್ಥಿತಿ ಅದು. ಅವರು ಸ್ಪರ್ಧೆಯಿಂದ ಹಿಂದೆ ಸರಿದರು, ಮೆತ್ತನೆಯ ನೆಲೆಯಿರುವ ಅಂಕಣದಲ್ಲಿ ಮತ್ತೆ ಮೊದಲಿನಿಂದ ಪಟ್ಟುಗಳನ್ನು ಪರೀಕ್ಷಿಸಿಕೊಂಡರು, ಒಂದು ವಾರದ ಬಳಿಕ ಸಮತೋಲನದ ತೊಲೆಯ ಸ್ಪರ್ಧೆಯಲ್ಲಿ ಟ್ವಿಸ್ಟ್ ಇಲ್ಲದ ಇಳಿತವನ್ನು ಆರಿಸಿಕೊಂಡು ಕಂಚಿನ ಪದಕ ಪಡೆದರು. ಎಲ್ಲಿ ಆಧಾರ ಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಿರ್ಧ‌ರಿಸಿದ್ದು ಅವರೇ. ಕರ್ತೃತ್ವದ ಲಕ್ಷಣವನ್ನು ಹುಡುಕುವವರು ಪದಕ ತಂದ ಪಟ್ಟುಗಳಲ್ಲಿ ಹುಡುಕುವಷ್ಟೇ ಆಸ್ಥೆಯಿಂದ ಈ ಹಿಂದೆ ಸರಿಯುವಿಕೆಯಲ್ಲಿಯೂ ಹುಡುಕಬೇಕು.

ಇದನ್ನೆಲ್ಲ ಒಟ್ಟಿಗೆ ನೋಡಿದಾಗ, ಬೆಲ್ಟಿನಲ್ಲಿ ನಡೆದ ಲಾಗ ಕಲಿಯುವವರದೇ ಎಂದು ತೀರ್ಪು ಕೊಡಬಹುದು, ಎರಡು ಷರತ್ತುಗಳೊಂದಿಗೆ: ಎತ್ತಿದ ಬಲ ಉರುಳುವುದನ್ನು ಅವರಿಗೇ ಬಿಟ್ಟಿರಬೇಕು, ಮತ್ತು ಆ ಬೆಲ್ಟನ್ನು ಅವರು ಒಪ್ಪಿ ತೊಟ್ಟಿರಬೇಕು. ಮೊದಲ ಷರತ್ತನ್ನು ಉಪಕರಣದ ರಚನೆ ನೋಡಿಕೊಳ್ಳುತ್ತದೆ. ಎರಡನೆಯದು ಪೂರ್ತಿಯಾಗಿ ಹಗ್ಗ ಹಿಡಿದವರ ಹೊಣೆ. ಬೆಂಗಳೂರಿನಿಂದ ಹಿಡಿದು ಜಿಲ್ಲಾ ಕ್ರೀಡಾಂಗಣಗಳವರೆಗೆ ಆರೇಳು ವರ್ಷದ ಮಕ್ಕಳನ್ನು ಈ ಕ್ರೀಡೆಗೆ ಸೇರಿಸುತ್ತಿರುವ ತಂದೆತಾಯಿಯರೂ ತರಬೇತುದಾರರೂ, ಅಂತೆಯೇ ಮಠದಲ್ಲಿ ಪಾಠಶಾಲೆಯಲ್ಲಿ ಎಳೆಯರನ್ನು ಕೈಹಿಡಿದು ನಡೆಸುವ ಹಿರಿಯರೂ, ಬೆಲ್ಟ್ ಬಿಗಿಯುವ ಮೊದಲು ಮಗುವನ್ನು ಕೇಳಬೇಕು, ಇವತ್ತು ಬೇಡ ಎಂದು ಮಗು ಹೇಳಿದರೆ ಬಕಲ್ಲನ್ನು ಬಿಚ್ಚಬೇಕು.